ಗೇಟಿನ ಸರ್ವಮಂಗಳಕ್ಕನಿಗೆ ಯಾರೂ ಬರೆಯಲಿಲ್ಲ

ನಂಜನಗೂಡಿನ ಹೊರಗೆ ಒಂದು ಸಿದ್ಧ ಉಡುಪಿನ ಕಂಪನಿಯಲ್ಲಿ ಸರ್ವಮಂಗಳಕ್ಕ ಲೇಡಿ ಸೆಕ್ಯೂರಿಟಿ ಆಗಿದ್ದರು. ಸಂಜೆ ಕೆಲಸ ಬಿಟ್ಟ ಮೇಲೆ ಹೆಂಗಸರೆಲ್ಲ ಅವರ ಮುಂದೆ ಬ್ಯಾಗು ತೆರೆದು ತೋರಿಸಿ, ಎರಡೂ ಕೈ ಎತ್ತಿ ನಿಂತು, ಆಮೇಲೆ ಬಸ್ಸು ಹತ್ತಬೇಕಿತ್ತು. ಆ ಕಂಪನಿ ಈಗ ಬೇರೆಯವರ ಕೈಗೆ ಹೋಗಿದೆ. ಸರ್ವಮಂಗಳಕ್ಕ ಈಗ ತಾವಿರುವ ತಿ. ನರಸೀಪುರದಲ್ಲೇ ಒಂದು ಜವಳಿ ಅಂಗಡಿಯಲ್ಲಿದ್ದಾರೆ. ಅದಕ್ಕೇ ನಾನು ಇದನ್ನು ಬರೆಯುವುದಕ್ಕೆ ಒಪ್ಪಿದರು. ಒಪ್ಪುವಾಗಲೂ ಒಂದು ಮಾತು ಹೇಳಿದರು.

"ನನ್ ಹೆಸರು ಹಾಕವ್ವ, ಪರವಾಗಿಲ್ಲ. ಆ ಹೆಣ್ಮಕ್ಕಳ ಹೆಸರು ಮಾತ್ರ ಬೇಡ."

ಆದ್ದರಿಂದ ಯಾರದೆಂದು ತಿಳಿಯಬಾರದ ವಿಷಯ ಬಂದ ಕಡೆ ನಾನು ಹೆಸರು ಬರೆದಿಲ್ಲ. ನಾನು ಕಣ್ಣಾರೆ ಕಂಡಿದ್ದು, ಸರ್ವಮಂಗಳಕ್ಕ ತಮ್ಮ ಬಗ್ಗೆ ಹೇಳಿದ್ದು, ಮತ್ತು ಆ ಹೆಂಗಸರೇ ಆಮೇಲೆ ನನಗೆ ಹೇಳಿ "ಬರಿ, ಹೆಸರು ಬೇಡ" ಅಂದದ್ದು, ಇಷ್ಟೇ ಇಲ್ಲಿದೆ. ನಾನಾಗ ಅದೇ ಕಂಪನಿಯಲ್ಲಿ ಹೊಲಿದ ಬಟ್ಟೆಗಳ ದಾರ ಕತ್ತರಿಸುವ ಕೆಲಸದಲ್ಲಿದ್ದೆ.

ಸರ್ವಮಂಗಳಕ್ಕ ಹುಟ್ಟಿದ್ದು ಸೋಮನಾಥಪುರದ ಪಕ್ಕದ ಒಂದು ಹಳ್ಳಿಯಲ್ಲಿ. ತಂದೆ ಪುಟ್ಟಬಸವಯ್ಯನವರು ಭತ್ತ ಬೆಳೆಯುತ್ತಿದ್ದರು, ಕಬ್ಬಿನ ಕಾಲದಲ್ಲಿ ಬನ್ನೂರಿನ ಹತ್ತಿರ ಆಲೆಮನೆಯಲ್ಲಿ ಬೆಲ್ಲ ಹುಯ್ಯಲು ಹೋಗುತ್ತಿದ್ದರು. ಊರಿನಲ್ಲಿ ಸರ್ವಮಂಗಳಕ್ಕನಷ್ಟು ಎತ್ತರದ ಹುಡುಗಿ ಇನ್ನೊಬ್ಬಳಿರಲಿಲ್ಲ. ಮದುವೆಗೆ ಅದೇ ತೊಡಕಾಯಿತಂತೆ. ನೋಡಲು ಬಂದ ಗಂಡುಗಳೆಲ್ಲ ಹುಡುಗಿ ಕೂತಿರುವವರೆಗೆ ಒಪ್ಪಿಕೊಂಡಿರುತ್ತಿದ್ದರು. ಕಾಫಿ ಲೋಟ ತೆಗೆದುಕೊಂಡು ಹೋಗಲು ಸರ್ವಮಂಗಳಕ್ಕ ಎದ್ದು ನಿಂತರೆ, "ಊರಿಗೋಗಿ ತಿಳಿಸ್ತೀವಿ" ಅನ್ನುತ್ತಿದ್ದರು. ಕೊನೆಗೆ ತಿ. ನರಸೀಪುರದಲ್ಲಿ ಲಗೇಜ್ ಆಟೋ ಓಡಿಸುವ ಮಲ್ಲಿಕಾರ್ಜುನ್ ಬಂದರು. ಅವರು ಸ್ವಲ್ಪ ಗಿಡ್ಡ. ಹುಡುಗಿ ಎದ್ದು ನಿಂತಾಗ ತಲೆ ಎತ್ತಿ ನೋಡಿ, "ನಮ್ಮನೇಲಿ ಅಟ್ಟದ ಮೇಲಿರೋದ್ನ ಇಳ್ಸಕ್ಕೆ ಒಬ್ರು ಬೇಕಾಗಿತ್ತು" ಅಂದರಂತೆ. ಇದನ್ನು ಹೇಳುವಾಗ ಸರ್ವಮಂಗಳಕ್ಕ ಈಗಲೂ ಸೆರಗು ಬಾಯಿಗೆ ಹಿಡಿದು ನಗುತ್ತಾರೆ.

ಮಗಳು ಶ್ವೇತ ಶಾಲೆಗೆ ಸೇರಿದ ಮೇಲೆ ಅವರು ಕಂಪನಿಗೆ ಬಂದರು. ಮೊದಲು ಟೈಲರ್. ಶರ್ಟಿನ ಕಾಲರ್ ಕೂರಿಸುವುದು ಅವರ ಕೆಲಸ. ಪಕ್ಕದ ಮಿಷನ್ನಿನಲ್ಲಿ ಭಾನುಪ್ರಿಯಾ ಕೂರುತ್ತಿದ್ದರು. ಇಬ್ಬರೂ ಮಧ್ಯಾಹ್ನ ಒಂದೇ ಡಬ್ಬಿಯ ಮುಚ್ಚಳದಲ್ಲಿ ಪಲ್ಯ ಹಂಚಿಕೊಂಡು ಉಣ್ಣುತ್ತಿದ್ದರು. ಹೀಗಿರುವಾಗ ಗೇಟಿನಲ್ಲಿದ್ದ ಲೇಡಿ ಸೆಕ್ಯೂರಿಟಿ ಕೆಲಸ ಬಿಟ್ಟರು. ಮ್ಯಾನೇಜರ್ ಸರ್ವಮಂಗಳಕ್ಕನ ಎತ್ತರ ನೋಡಿ ಕರೆದು ಕೇಳಿದರು. ದಿನವೆಲ್ಲ ಬಗ್ಗಿ ಕೂತು ಅವರಿಗೆ ಬೆನ್ನುನೋವು ಶುರುವಾಗಿತ್ತು. ಒಪ್ಪಿಕೊಂಡರು. ನಿಂತು ಮಾಡುವ ಕೆಲಸ, ಬೆನ್ನಿಗೆ ಒಳ್ಳೆಯದು ಅಂತಷ್ಟೇ ಯೋಚಿಸಿದ್ದರು.

ಮೊದಲ ಸಂಜೆ ಖಾಕಿ ಶರ್ಟು ಹಾಕಿ ನಿಂತಾಗ ಸಾಲಿನಲ್ಲಿ ಭಾನುಪ್ರಿಯಾ ಬಂದರು. ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿದರು.

"ನಿನ್ನೆ ಗಂಟ ನನ್ ಪಕ್ಕದಲ್ಲಿ ಕುಂತಿದ್ದೋಳು, ಇವತ್ತು ನನ್ ಮೈ ತಡವ್ತೀಯ? ನೋಡ್ಕೊ. ಏನೇನ್ ಕದ್ದಿದೀನಿ ಎಲ್ಲಾನೂ ನೋಡ್ಕೊ."

ಸರ್ವಮಂಗಳಕ್ಕ ಬ್ಯಾಗು ನೋಡಿ ವಾಪಸ್ ಕೊಟ್ಟರು. ಮರುದಿನದಿಂದ ಭಾನುಪ್ರಿಯಾ ಬೇರೆಯವರ ಜೊತೆ ಊಟಕ್ಕೆ ಕೂತರು.

ಮೊದಲಿದ್ದವರು ಗೇಟಿನ ಬಯಲಿನಲ್ಲೇ, ಗಂಡಸರು ಹೋಗುವ ಸಾಲಿಗೆ ಕಾಣುವ ಹಾಗೆ ಚೆಕ್ ಮಾಡುತ್ತಿದ್ದರು. ಸರ್ವಮಂಗಳಕ್ಕ ಸ್ಟೋರಿನವರನ್ನು ಕೇಳಿ ಹಾಳಾದ ಬಟ್ಟೆ ತೆಗೆದುಕೊಂಡು ತಾವೇ ಹೊಲಿದು ಗೇಟಿನ ಪಕ್ಕದ ಕ್ಯಾಬಿನ್ನಿಗೆ ಪರದೆ ಕಟ್ಟಿದರು. ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಚಳಿಗಾಲದಲ್ಲಿ ಮೊದಲು ತಮ್ಮ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಮುಟ್ಟುವ ಮೊದಲು ಪ್ರತಿಯೊಬ್ಬರನ್ನೂ "ಮುಟ್ಲಾ?" ಅಂತ ಕೇಳುತ್ತಿದ್ದರು. ಪ್ಯಾಕಿಂಗಿನ ಕೆಂಪಾಜಮ್ಮನಿಗೆ ಇದು ದೊಡ್ಡ ತಮಾಷೆಯಾಗಿತ್ತು. ಕೆಂಪಾಜಮ್ಮ ನಮ್ಮೆಲ್ಲರಿಗಿಂತ ಹಿರಿಯರು, ಬಾಯಿಗೆ ಬೀಗವಿಲ್ಲದವರು.

"ಕೇಳ್ಬುಟ್ಟು ಮುಟ್ತಾಳೆ ಕಣ್ರೇ ಇವ್ಳು! ನನ್ ಗಂಡನೇ ಒಂದಿನ ಕೇಳ್ಲಿಲ್ಲ."

ಸಾಲಿಗೆ ಸಾಲೇ ನಗುತ್ತಿತ್ತು. ಪರದೆಯ ಒಳಗೆ ಸರ್ವಮಂಗಳಕ್ಕನೂ ನಗುತ್ತಿದ್ದರು.

ಆದರೆ ಕೈಗೆ ಕೆಲವು ಸಂಗತಿಗಳು ಕಣ್ಣಿಗಿಂತ ಮೊದಲು ತಿಳಿಯುತ್ತವೆ. ಹೊಸದಾಗಿ ಮದುವೆಯಾದ ಒಬ್ಬಳು ಬಸುರಿ ಎಂದು ಅವಳ ಅತ್ತೆಗಿಂತ ಮೊದಲು ಸರ್ವಮಂಗಳಕ್ಕನಿಗೆ ಗೊತ್ತಾಯಿತು. ಕಂಪನಿಗೆ ತಿಳಿದರೆ ಮಿಷನ್ನಿನಿಂದ ಎಬ್ಬಿಸುತ್ತಾರೆ ಎಂದು ಅವಳು ಮುಚ್ಚಿಟ್ಟಿದ್ದಳು. ಸರ್ವಮಂಗಳಕ್ಕ ಅವಳನ್ನು ಏನೂ ಕೇಳಲಿಲ್ಲ. ಅವತ್ತಿನಿಂದ ಸಾಲಿನಲ್ಲಿ ಅವಳು ಎಲ್ಲಿದ್ದರೂ, "ಏ ಹಸಿರು ಬ್ಯಾಗು, ನೀನ್ ಮೊದ್ಲು ಬಾ" ಎಂದು ಕರೆಯುತ್ತಿದ್ದರು. ಅವಳು ನಿಂತು ಕಾಯಬಾರದೆಂದು ಹೀಗೆ ಮಾಡುತ್ತಿದ್ದಾರೆಂದು ನಮಗೆ ತಿಳಿದಿರಲಿಲ್ಲ. ಹಸಿರು ಬ್ಯಾಗಿನ ಮೇಲೆ ಇವರಿಗೆ ಅನುಮಾನ ಎಂದುಕೊಂಡಿದ್ದೆವು.

ಇನ್ನೊಬ್ಬರ ಬೆನ್ನು ಮುಟ್ಟಿದಾಗ ಅವರು ಉಸಿರು ಎಳೆದುಕೊಂಡು ಹಿಂದಕ್ಕೆ ಸರಿದರು. ರವಿಕೆಯ ಕೆಳಗೆ ಬಾಸುಂಡೆ. ಸರ್ವಮಂಗಳಕ್ಕ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಉಳಿದವರನ್ನೆಲ್ಲ ಕಳಿಸಿದ ಮೇಲೆ ತಮ್ಮ ಫೋನು ಕೊಟ್ಟು, "ನಿಮ್ ತವರ್ಗೆ ಮಾಡಿ" ಅಂದರು. ಆ ಸಂಜೆ ಅವರ ಅಣ್ಣ ಬಂದು ಕರೆದುಕೊಂಡು ಹೋದರು.

ಮೂರನೆಯವರದು ಕಷ್ಟದ ವಿಷಯ. ಅವರ ಊಟದ ಡಬ್ಬಿಯಲ್ಲಿ ಕಂಪನಿಯ ಒಂದು ಸುತ್ತು ಎಲಾಸ್ಟಿಕ್ ಇತ್ತು. ಕಂಪನಿಯ ನಿಯಮದಂತೆ ಸರ್ವಮಂಗಳಕ್ಕ ಅದನ್ನು ಆಫೀಸಿಗೆ ತಿಳಿಸಬೇಕು. ತಿಳಿಸದಿದ್ದರೆ ಇವರ ಕೆಲಸವೂ ಹೋಗುತ್ತದೆ. ಅವರು ಡಬ್ಬಿಯ ಮುಚ್ಚಳ ಹಾಕಿ ವಾಪಸ್ ಕೊಟ್ಟರು.

"ಮರ್ತು ತಂದ್ಬುಟ್ಟಿದೀರ. ಒಳಕ್ಕೋಗಿ ಮಡಗ್ಬುಟ್ಟು ಬನ್ನಿ. ನಾನು ಕಾಯ್ತೀನಿ."

ಆ ಹೆಂಗಸು ಹೋಗಿ ಇಟ್ಟು ಬಂದರು. ಮತ್ತೆಂದೂ ಮರೆತು ತರಲಿಲ್ಲ.

ಇಂಥವು ಇನ್ನೂ ಇದ್ದವಂತೆ. ಒಂದೂ ಪರದೆಯಿಂದ ಆಚೆ ಬರಲಿಲ್ಲ. ಬಸ್ಸಿನಲ್ಲಿ ಕೆಂಪಾಜಮ್ಮ ಎಷ್ಟು ಕೆಣಕಿದರೂ, "ಅಲ್ಲಿ ಬ್ಯಾಗು, ಡಬ್ಬಿ ಬುಟ್ರೆ ಏನೂ ಇರಕಿಲ್ಲ ಕಣಕ್ಕ" ಅನ್ನುತ್ತಿದ್ದರು.

ಅವರಿಗಿದ್ದ ಒಂದೇ ಸಂಕಟ ಮಗಳದ್ದು. ಶ್ವೇತ ಆಗ ಒಂಬತ್ತನೇ ತರಗತಿ. ಅವಳ ಕ್ಲಾಸಿನ ಹುಡುಗಿಯೊಬ್ಬಳ ಚಿಕ್ಕಮ್ಮ ನಮ್ಮ ಕಂಪನಿಯಲ್ಲಿದ್ದರು. ಆ ಹುಡುಗಿ ಎಲ್ಲರ ಮುಂದೆ, "ಇವ್ರಮ್ಮ ಹೆಂಗಸ್ರ ಮೈ ತಡಕಾಡ್ತಾರೆ" ಎಂದು ನಕ್ಕಳು. ಅವತ್ತು ಶ್ವೇತ ಮನೆಗೆ ಬಂದು ಊಟ ಮಾಡಲಿಲ್ಲ. ಆಮೇಲೆ ಯಾರು ಕೇಳಿದರೂ ಅಮ್ಮ ಆಫೀಸಿನಲ್ಲಿದ್ದಾರೆ ಎಂದು ಹೇಳತೊಡಗಿದಳು. ಒಮ್ಮೆ ತಾಯಿಯನ್ನೇ ಕೇಳಿದಳಂತೆ: "ನಿಂಗೆ ಬೇರೆ ಕೆಲ್ಸ ಸಿಗಲ್ವಾಮ್ಮ? ನಿನ್ನನ್ನ ಕಂಡ್ರೆ ಅಲ್ಲಿ ಯಾರಿಗಾದ್ರೂ ಆಗುತ್ತಾ?"

ಆ ಎರಡನೆಯ ಪ್ರಶ್ನೆ ಸರ್ವಮಂಗಳಕ್ಕನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಅದೇ ವರ್ಷ ಕಂಪನಿಗೆ ಪ್ರಸಾದ್ ಎಂಬ ಹೊಸ ಎಚ್ಆರ್ ಬಂದರು. ಮೈಸೂರಿನವರು, ಚಿಕ್ಕ ವಯಸ್ಸು, ಯಾರನ್ನೂ ಗದರುತ್ತಿರಲಿಲ್ಲ. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಮೈಕಿನಲ್ಲಿ ಮಾತಾಡಿದರು.

"ಟೀಚರ್ಸ್ ಡೇ ಇದೆ. ನರ್ಸಸ್ ಡೇ ಇದೆ. ಇಂಜಿನಿಯರ್ಸ್ ಡೇ ಇದೆ. ನಮ್ಮ ಹೆಲ್ಪರ್‌ಗೆ ಯಾವ ಡೇ ಇದೆ? ಐರನ್ ಮಾಡೋರಿಗೆ ಯಾವ ಡೇ ಇದೆ? ಅದಕ್ಕೆ ನಾವೇ ಒಂದು ಕೃತಜ್ಞತಾ ದಿನ ಮಾಡೋಣ."

ಮಾತು ನಮಗೆ ಇಷ್ಟವಾಯಿತು. ಅವರು ಎಲ್ಲ ಕೆಲಸಗಳಿಗೂ ಹೊಸ ಹೆಸರು ಕೊಟ್ಟರು. ಹೆಲ್ಪರ್‌ಗಳು ಉತ್ಪಾದನಾ ಸಹಾಯಕಿಯರು. ಕಸ ಗುಡಿಸುವವರು ಸ್ವಚ್ಛತಾ ಸಂಯೋಜಕಿಯರು. ಸರ್ವಮಂಗಳಕ್ಕ ಮಹಿಳಾ ಸುರಕ್ಷತಾ ಅಧಿಕಾರಿ. ಒಂದೊಂದು ಹೆಸರಿಗೆ ಒಂದೊಂದು ಡಬ್ಬಿ ಮಾಡಿ, ಬಣ್ಣದ ಕಾಗದ ಅಂಟಿಸಿ ಕ್ಯಾಂಟೀನಿನಲ್ಲಿ ಸಾಲಾಗಿ ಇಟ್ಟರು. ಯಾರಿಗೆ ಥ್ಯಾಂಕ್ಸ್ ಹೇಳಬೇಕೋ ಅವರ ಡಬ್ಬಿಗೆ ಚೀಟಿ ಬರೆದು ಹಾಕಬೇಕು. ಶನಿವಾರ ಮನೆಯವರನ್ನೂ ಕರೆದುಕೊಂಡು ಬರಬಹುದು. ಎಲ್ಲರ ಮುಂದೆ ಡಬ್ಬಿ ತೆರೆದು ಓದುತ್ತೇವೆ ಅಂದರು.

"ಸುಮ್ನೆ ಥ್ಯಾಂಕ್ಸ್ ಅಂತ ಬರೀಬೇಡಿ. ಯಾಕೆ ಥ್ಯಾಂಕ್ಸ್ ಅಂತ ಕಾರಣ ಬರೀರಿ, ನಿಮ್ಮ ಹೆಸರು ಹಾಕಿ. ಆಗಲೇ ಅದಕ್ಕೊಂದು ಬೆಲೆ."

ಪ್ರಸಾದ್ ಸರ್ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿದ್ದು. ನಾನು ಬಹಳ ಯೋಚಿಸಿ ಈ ಮಾತು ಬರೆಯುತ್ತಿದ್ದೇನೆ.

ಹೊಸ ಹೆಸರುಗಳಿಂದ ಒಂದು ವಾರ ಕ್ಯಾಂಟೀನಿನಲ್ಲಿ ನಗುವೋ ನಗು. ಸರ್ವಮಂಗಳಕ್ಕ ಒಳಗೆ ಬಂದರೆ ಕೆಂಪಾಜಮ್ಮ ಎದ್ದು ನಿಂತು, "ಅಧಿಕಾರಿಗಳು ಬಂದ್ರು, ಎದ್ದೇಳ್ರೇ! ಜೀಪು ಎಲ್ ಬುಟ್ಬುಟ್ ಬಂದ್ರಿ ಮೇಡಂ?" ಅನ್ನುತ್ತಿದ್ದರು.

"ಜೀಪು ಪಂಚರ್ ಕಣಕ್ಕ. ಒಸಿ ಮಜ್ಜಿಗೆ ಕೊಡಿ," ಎಂದು ಸರ್ವಮಂಗಳಕ್ಕ ಪಕ್ಕದಲ್ಲಿ ಕೂರುತ್ತಿದ್ದರು.

ಗಂಡಸರ ಗೇಟಿನ ಸೆಕ್ಯೂರಿಟಿಗಳದು ಬೇರೆ ಡಬ್ಬಿ. ಮಹಿಳಾ ಸುರಕ್ಷತಾ ಅಧಿಕಾರಿ ಎಂದರೆ ಇಡೀ ಕಂಪನಿಗೆ ಇವರೊಬ್ಬರೇ. ಹಾಗಾಗಿ ಆ ಡಬ್ಬಿ ಪೂರ್ತಿ ಇವರದ್ದೇ. ಅವರು ಯಾರನ್ನೂ ಬರೆಯಿರಿ ಎಂದು ಕೇಳಲಿಲ್ಲ. ಆದರೆ ಮನೆಯಲ್ಲಿ ಮಗಳಿಗೆ ಹೇಳಿದರು: "ಶನಿವಾರ ಸ್ಕೂಲು ಬೇಗ ಬುಡ್ತದಲ್ಲ, ಬಾ. ಬಂದು ನೋಡು, ನನ್ನ ಕಂಡ್ರೆ ಆಗೋರು ಒಬ್ರಾದ್ರೂ ಇರ್ತಾರೆ." ಒಂದು ಚೀಟಿ ಸಾಕಿತ್ತು ಅವರಿಗೆ. ಅದನ್ನು ಶ್ವೇತ ಕಿವಿಯಾರೆ ಕೇಳಬೇಕಿತ್ತು.

ನಾವೆಲ್ಲ ಚೀಟಿ ಬರೆದೆವು. ಕ್ಯಾಂಟೀನಿನವರಿಗೆ ಬಿಸಿ ಸಾರಿಗೆ ಥ್ಯಾಂಕ್ಸ್. ಮೆಕ್ಯಾನಿಕ್‌ಗೆ ಬೇಗ ಮಿಷನ್ ಸರಿಮಾಡಿದ್ದಕ್ಕೆ. ಸರ್ವಮಂಗಳಕ್ಕನಿಗೆ ಬರೆಯಬೇಕೆಂದು ಕುಳಿತವರ ಕೈ ಕಾರಣ ಎಂಬಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಎಲಾಸ್ಟಿಕ್ಕಿನವರು ಏನೆಂದು ಬರೆಯಬೇಕು? ಬರೆದರೆ ತಮ್ಮ ಕೆಲಸವೂ ಹೋಗುತ್ತದೆ, ಸರ್ವಮಂಗಳಕ್ಕನ ಕೆಲಸವೂ ಹೋಗುತ್ತದೆ. ಬಾಸುಂಡೆಯವರು ಮೈಕಿನಲ್ಲಿ ಏನು ಹೇಳಿಸಬೇಕು? ಭಾನುಪ್ರಿಯಾ ಊಟದ ಹೊತ್ತಿನಲ್ಲಿ ಒಂದು ಚೀಟಿ ಬರೆದು, ಓದಿಕೊಂಡು, ನಾಲ್ಕಾಗಿ ಹರಿದು ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ನಾನು ನೋಡಿದೆ. ಅವರಿಗೂ ಪರದೆಯ ಒಳಗೆ ಏನೋ ನಡೆದಿತ್ತೆಂದು ಅವತ್ತು ತಿಳಿಯಿತು. ಏನೆಂದು ಅವರು ನನಗೆ ಹೇಳಿಲ್ಲ, ನಾನು ಕೇಳಿಲ್ಲ.

ಮುಚ್ಚಿಡುವಂಥದ್ದು ಏನೂ ಇಲ್ಲದವರು ಅವರಿಗೆ ಬರೆಯಬೇಕೆಂದೇ ಯೋಚಿಸಲಿಲ್ಲ. ಬ್ಯಾಗು ನೋಡುವವರಿಗೆ ಯಾತಕ್ಕೆ ಥ್ಯಾಂಕ್ಸ್? ಉಳಿದವರು, ಬೇರೆ ಯಾರಾದರೂ ಮಾಮೂಲಿನ ಎರಡು ಸಾಲು ಹಾಕಿರುತ್ತಾರೆ ಎಂದುಕೊಂಡರು.

ಶನಿವಾರ ಮಧ್ಯಾಹ್ನ ಶ್ವೇತ ಬಂದಳು. ಸ್ಕೂಲ್ ಯೂನಿಫಾರ್ಮಿನಲ್ಲೇ, ಎರಡು ಜಡೆ, ತಾಯಿಯ ಹಾಗೆ ಎತ್ತರ. ಮುಂದಿನ ಸಾಲಿನಲ್ಲಿ ಅವಳನ್ನು ಕೂರಿಸಿ ಸರ್ವಮಂಗಳಕ್ಕ ಗೋಡೆಯ ಪಕ್ಕ ನಿಂತರು. ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡಿದ್ದರು. ಪ್ರಸಾದ್ ಸರ್ ಒಂದೊಂದೇ ಡಬ್ಬಿ ತೆರೆದು ಓದಿದರು. ಹೆಸರು ಕೇಳಿದವರು ನಾಚಿಕೊಂಡು ಮುಂದೆ ಹೋಗಿ ಗುಲಾಬಿ ಹೂವು ತೆಗೆದುಕೊಂಡು ಬಂದರು. ಮನೆಯವರು ಫೋಟೋ ಹೊಡೆದರು.

ಆಮೇಲೆ ಪ್ರಸಾದ್ ಸರ್ ಆ ಡಬ್ಬಿ ತೆಗೆದುಕೊಂಡರು. "ಈಗ ನಮ್ಮ ಮಹಿಳಾ ಸುರಕ್ಷತಾ ಅಧಿಕಾರಿ" ಎಂದು ಮುಚ್ಚಳ ತೆಗೆದು ಕೈ ಹಾಕಿದರು. ಕೈ ಹೊರಗೆ ತೆಗೆದು, ಬಗ್ಗಿ ನೋಡಿದರು. ಏನು ಮಾಡುವುದೆಂದು ತೋಚದೆ ಡಬ್ಬಿಯನ್ನು ತಲೆಕೆಳಗು ಮಾಡಿದರು. ಹಿಂದೆ ಗಂಡಸರ ಕಡೆಯಿಂದ ಯಾರೋ, "ಅಧಿಕಾರಿಗಳು ಅದ್ನೂ ಚೆಕ್ ಮಾಡಿ ಕಳ್ಸವ್ರೆ ಕಣ್ರೀ" ಅಂದರು. ಒಂದಿಷ್ಟು ಜನ ನಕ್ಕರು.

ಹೆಂಗಸರ ಕಡೆ ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೆಂಪಾಜಮ್ಮ ಬಾಯಿ ತೆರೆದು ಮುಚ್ಚಿದರು.

"ಎಲ್ಲರೂ ಒಂದು ಜೋರು ಚಪ್ಪಾಳೆ!" ಎಂದರು ಪ್ರಸಾದ್ ಸರ್. ಚಪ್ಪಾಳೆ ಬಿತ್ತು. ಸರ್ವಮಂಗಳಕ್ಕ ಹೋಗಿ ಹೂವು ತೆಗೆದುಕೊಂಡು, ಕೈ ಮುಗಿದು, ಮತ್ತೆ ಗೋಡೆಯ ಪಕ್ಕ ಬಂದು ನಿಂತರು. ಶ್ವೇತ ತನ್ನ ಶೂ ನೋಡುತ್ತಾ ಕೂತಿದ್ದಳು. ಕಾರ್ಯಕ್ರಮ ಮುಗಿದ ಕೂಡಲೇ ತಾಯಿಯ ಹತ್ತಿರ ಬಂದು, "ನಾನ್ ಮನೆಗ್ ಹೋಗ್ತೀನಿ" ಅಂದಳು.

"ಬಸ್ಸು ಸಂಜೆಗೇ ಕಣವ್ವ. ಬಾ, ಕ್ಯಾಬಿನ್‌ನಲ್ಲಿ ಕೂತ್ಕೊ."

ಮುಂದೆ ಪರದೆಯೊಳಗೆ ನಡೆದದ್ದನ್ನು ನನಗೆ ಶ್ವೇತ ಹೇಳಲಿಲ್ಲ. ಆ ಸಂಜೆ ಒಳಗೆ ಹೋದ ಹೆಂಗಸರೇ ಹೇಳಿದರು.

ಕೆಲಸ ಬಿಟ್ಟು ನಾವು ಸಾಲಿನಲ್ಲಿ ನಿಂತೆವು. ಎಂದಿನ ಗಲಾಟೆ ಇರಲಿಲ್ಲ. ಶ್ವೇತ ಮೂಲೆಯ ಸ್ಟೂಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸರ್ವಮಂಗಳಕ್ಕ ದಿನದ ಹಾಗೆಯೇ ಕರೆದರು, ದಿನದ ಹಾಗೆಯೇ "ಮುಟ್ಲಾ?" ಎಂದರು. ಭಾನುಪ್ರಿಯಾ ಒಳಗೆ ಹೋದವರು ಕೈ ಎತ್ತಲಿಲ್ಲ.

"ಬರ್ದಿದ್ದೆ ಕಣೆ ಮಂಗಳಾ. ಹರ್ದಾಕ್ಬುಟ್ಟೆ."

"ಒಳ್ಳೇದ್ ಮಾಡ್ದೆ."

"ನಿನ್ ಮಗಳ ಮುಂದೆ ಹಿಂಗಾಯ್ತಲ್ಲೇ."

"ಕೈ ಎತ್ತು. ಹಿಂದೆ ಜನ ಅವ್ರೆ."

ಅವರಾದ ಮೇಲೆ ನಾಲ್ಕೈದು ಜನರಾಗಿ, ಬಾಸುಂಡೆಯಾಗಿದ್ದ ಆ ಹೆಂಗಸು ಹೋದರು. ಅವರು ಕೈ ಎತ್ತಿದರು. ಎತ್ತಿದ ಕೈ ಹಾಗೆಯೇ ಸರ್ವಮಂಗಳಕ್ಕನ ಹೆಗಲ ಮೇಲೆ ಬಿತ್ತು. ಅತ್ತುಬಿಟ್ಟರು. ಹೊರಗೆ ಸಾಲಿಗೆಲ್ಲ ಕೇಳಿಸಿತು. ಆಮೇಲೆ ಅವರು ಶ್ವೇತಳ ಕಡೆ ತಿರುಗಿ, ಧ್ವನಿ ತಗ್ಗಿಸಿ ಹೇಳಿದರಂತೆ.

"ಮಗ, ಆ ಡಬ್ಬಿ ನೋಡಿ ನಿಮ್ಮಮ್ಮನ್ನ ಅಳೀಬೇಡ. ನಾವು ಬರಿಯಂಗಿರ್ಲಿಲ್ಲ. ಇವ್ರು ನಂಗ್ ಮಾಡಿದ್ದು ಮೈಕಲ್ಲಿ ಓದೋವಂಥದ್ದಲ್ಲ."

"ಸಾಕು ಬುಡಿ. ಮಗೀಗ್ಯಾಕೆ ಅದೆಲ್ಲ," ಎಂದರು ಸರ್ವಮಂಗಳಕ್ಕ. ಅವರ ಕಣ್ಣೂ ತುಂಬಿತ್ತು. ಮಗಳ ಕಡೆ ನೋಡಲಿಲ್ಲ. ಅಳುತ್ತಿದ್ದವರ ಬೆನ್ನನ್ನು ನಿಧಾನವಾಗಿ ಸವರುತ್ತಿದ್ದರು.

ಸಾಲು ಮುಂದೆ ಹೋಗದ್ದನ್ನು ನೋಡಿ ಗಂಡಸರ ಗೇಟಿನಿಂದ ಶಿವಸ್ವಾಮಿ ಬಂದರು. ಅವರೂ ಸೆಕ್ಯೂರಿಟಿ, ಬಸ್ಸುಗಳನ್ನು ಹೊರಡಿಸುವುದು ಅವರ ಜವಾಬ್ದಾರಿ. "ಏನ್ ಮೇಡಂ, ಬಸ್ ಬುಡ್ಬೇಕು, ಎಷ್ಟೊತ್ತು?" ಎಂದು ಪರದೆಗೆ ಕೈ ಹಾಕಿದರು. ಒಳಗಿನಿಂದ ಇನ್ನೊಂದು ಕೈ ಪರದೆಯನ್ನು ಹಿಡಿದು ಎಳೆದುಕೊಂಡಿತು. ಸಂದಿಯಲ್ಲಿ ಶ್ವೇತಳ ಮುಖ ಕಾಣಿಸಿತು. ನಾನು ಆಗ ಸಾಲಿನಲ್ಲಿ ಎದುರಿಗೇ ಇದ್ದೆ.

"ಅಂಕಲ್, ಒಳಗೆ ಚೆಕಿಂಗ್ ನಡೀತಿದೆ. ಲೇಡೀಸ್ ಇದಾರೆ. ನೀವು ಅಲ್ಲಿ ನಿಂತ್ಕೊಳ್ಳಿ."

"ನೀನ್ ಯಾರವ್ವ?"

"ನಾನು ಇವ್ರ ಮಗಳು."

ಶಿವಸ್ವಾಮಿ ಹಿಂದಕ್ಕೆ ಹೋದರು. ಆ ಹೆಂಗಸು ಕಣ್ಣು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಹೊರಗೆ ಬರುವವರೆಗೂ ಶ್ವೇತ ಪರದೆಯ ಅಂಚು ಬಿಡಲಿಲ್ಲ. ಆಮೇಲೂ ಕೂರಲಿಲ್ಲ. ಕೊನೆಯವರು ಹೋಗುವವರೆಗೆ ಅಲ್ಲೇ ನಿಂತು, ಒಬ್ಬೊಬ್ಬರಿಗೂ ಪರದೆ ಸರಿಸಿ, ಮತ್ತೆ ಮುಚ್ಚಿದಳು.

ತಿ. ನರಸೀಪುರದ ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ನಾನು. ಬಸ್ಸು ಹೊರಟ ಮೇಲೆ, ಸಾಲಿನ ಕೊನೆಯಲ್ಲಿದ್ದ ಕೆಂಪಾಜಮ್ಮ ಕಂಬಿ ಹಿಡಿದುಕೊಂಡು ಬಂದು ಶ್ವೇತಳ ಕಡೆ ಬಗ್ಗಿದರು.

"ಏನವ್ವ, ಒಳಗೆ ಯಾರೋ ಅತ್ತಂಗಾಯ್ತಲ್ಲ. ಯಾರದು? ಏನಂತೆ?"

ಶ್ವೇತ ತಲೆ ಎತ್ತಿ ಅವರನ್ನು ನೋಡಿದಳು.

"ಗೊತ್ತಿಲ್ಲ ಆಂಟಿ. ನಾನ್ ನೋಡ್ಲಿಲ್ಲ."

"ಅಲ್ಲೇ ಇದ್ದಲ್ಲವ್ವ ನೀನು!"

"ಬ್ಯಾಗು ನೋಡ್ತಿದ್ದೆ."

ಕೆಂಪಾಜಮ್ಮ ಅವಳ ಮುಖವನ್ನೇ ನೋಡಿದರು. "ಅಯ್ಯೋ ಶಿವನೇ, ಇನ್ನೊಂದ್ ತಯಾರಾಯ್ತು ಕಣ್ರೇ ಇಲ್ಲಿ," ಎಂದು ಗಲ್ಲ ಹಿಂಡಿ ಮುಂದೆ ಹೋದರು.

ಸ್ವಲ್ಪ ದೂರ ಹೋದ ಮೇಲೆ ಶ್ವೇತ ತಾಯಿಯ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು. ಊರು ಬರುವವರೆಗೂ ಆ ಹೆಗಲು ಅಲುಗದ ಹಾಗೆ ಸರ್ವಮಂಗಳಕ್ಕ ನೆಟ್ಟಗೆ ಕೂತಿದ್ದರು.